ಬೇಸಿಗೆಯ ಏರುಮಡಿಯಲ್ಲಿ ತರಕಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಚಳಿಗಾಲದಲ್ಲಿ ಹುಳು, ಗೊಬ್ಬರಗಳ ಬಗ್ಗೆ ಕೇಳುತ್ತಿದ್ದವರು ಈಗ ನೀರು, ಬಿಸಿಲುಗಳ ಬಗ್ಗೆ ಕೇಳುತ್ತಾರೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿತ್ತಲಿನಲ್ಲಿ ಇಟ್ಟಿಗೆ, ಕಲ್ಲು ಅಥವಾ ಬ್ಲಾಕ್ ಕಟ್ಟಿ ಮಾಡಿದ ಏರುಮಡಿಗಳಿಗೆ ಸಂಬಂಧಿಸಿದವಾಗಿದ್ದರಿಂದ, ಅವುಗಳನ್ನೇ ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಎರಡು ಮಡಿಗಳನ್ನು ಕಟ್ಟಿಸಿದೆವು. ಚಳಿಗಾಲದಲ್ಲಿ ಕೊತ್ತಂಬರಿ, ಮೆಂತ್ಯ, ಮೂಲಂಗಿ ಚೆನ್ನಾಗಿ ಬಂದವು. ಈಗ ಬೆಂಡೆ ಮತ್ತು ಸೌತೆ ಹಾಕಿದ್ದೇವೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು ನೀರು ಹಾಕಿದರೂ ಮಧ್ಯಾಹ್ನ ಎಲೆಗಳು ಜೋತು ಬೀಳುತ್ತವೆ. ಮಡಿಯನ್ನು ಒಡೆದು ನೆಲದಲ್ಲೇ ಬೆಳೆಯುವುದು ಒಳ್ಳೆಯದೇ? (ತುಮಕೂರಿನ ಓದುಗರು)

ಉತ್ತರ: ಒಡೆಯುವ ಅಗತ್ಯವಿಲ್ಲ, ಆದರೆ ಮಡಿಯ ಮೇಲ್ಮೈಯ ಆಕಾರವನ್ನು ಬೇಸಿಗೆಗೆ ತಕ್ಕಂತೆ ಬದಲಿಸಬೇಕು. ನಮ್ಮ ಕಡೆಯ ತರಕಾರಿ ಬೆಳೆಗಾರರು ಮಳೆಗಾಲದಲ್ಲಿ ಏರುಮಡಿ ಅಥವಾ ದಿಂಡು ಮಾಡುತ್ತಾರೆ, ಬೇಸಿಗೆಯಲ್ಲಿ ಪಾತಿ ಮಾಡುತ್ತಾರೆ. ಏರುಮಡಿಯ ಉದ್ದೇಶವೇ ಹೆಚ್ಚಾದ ನೀರನ್ನು ಬೇರಿನಿಂದ ದೂರ ಸಾಗಿಸುವುದು. ಜುಲೈ ತಿಂಗಳಲ್ಲಿ ಗಿಡವನ್ನು ಕೊಳೆಯದಂತೆ ಕಾಪಾಡಿದ ಆ ಗುಣವೇ ಮಾರ್ಚ್ ತಿಂಗಳಲ್ಲಿ ಅದೇ ಗಿಡವನ್ನು ಬಾಯಾರಿಸುತ್ತದೆ. ಜೊತೆಗೆ ನೆಲಕ್ಕೆ ಮೇಲಿನಿಂದ ಮಾತ್ರ ಬಿಸಿಲು ತಾಗಿದರೆ, ಕಟ್ಟಿದ ಮಡಿಗೆ ಪಕ್ಕಗಳಿಂದಲೂ ತಾಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಬ್ಲಾಕ್ ಗೋಡೆ ಮಧ್ಯಾಹ್ನದ ಬಿಸಿಲನ್ನು ಹೀರಿಕೊಂಡು ಅದನ್ನು ಸಂಜೆಯವರೆಗೂ ಒಳಗಿನ ಮಣ್ಣಿಗೆ ಕೊಡುತ್ತಲೇ ಇರುತ್ತದೆ. ಗೋಡೆಗೆ ಅಂಟಿಕೊಂಡ ನಾಲ್ಕೈದು ಬೆರಳಗಲದ ಮಣ್ಣು ಮೊದಲು ಒಣಗಿ, ಬ್ಲಾಕಿನಿಂದ ಬಿಟ್ಟುಕೊಂಡು ಸಂದು ಮಾಡುತ್ತದೆ. ಆಮೇಲೆ ನೀವು ಹಾಕಿದ ನೀರು ಬೇರಿಗೆ ಇಳಿಯುವ ಬದಲು ಆ ಸಂದಿನಿಂದ ನೇರವಾಗಿ ಕೆಳಕ್ಕೆ ಸೋರಿಹೋಗುತ್ತದೆ. ಎರಡು ಹೊತ್ತು ನೀರು ಹಾಕಿದರೂ ಗಿಡ ಬಾಡುವುದಕ್ಕೆ ನಿಮ್ಮಲ್ಲಿ ಇದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಮೊದಲು ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಎರಡು ಗಂಟೆಗೆ ಸೌತೆಯ ಎಲೆ ಜೋತು ಬಿದ್ದಿದ್ದರೆ ಗಾಬರಿಯಾಗಬೇಕಿಲ್ಲ. ಅಗಲ ಎಲೆಯ ಬಳ್ಳಿಗಳು ಬೇರು ಹೀರುವುದಕ್ಕಿಂತ ವೇಗವಾಗಿ ನೀರನ್ನು ಆವಿಯಾಗಿ ಬಿಡುವ ಹೊತ್ತು ಅದು, ಮಣ್ಣಿನಲ್ಲಿ ಸಾಕಷ್ಟು ಹಸಿ ಇದ್ದರೂ ಎಲೆ ಬಾಡಿದಂತೆ ಕಾಣುತ್ತದೆ. ಸೂರ್ಯ ಇಳಿದ ಮೇಲೆ ಎಲೆ ತಾನಾಗಿ ನೆಟ್ಟಗಾದರೆ ನೀರು ಸಾಕಾಗಿದೆ ಎಂದರ್ಥ. ಬೆಳಗಿನ ಆರು ಗಂಟೆಗೂ ಎಲೆ ಜೋತೇ ಇದ್ದರೆ ಮಾತ್ರ ನಿಜವಾದ ಕೊರತೆಯಿದೆ, ಇಲ್ಲವೇ ಬೇರಿಗೆ ರೋಗ ತಗಲಿದೆ. ಮಡಿಯ ನಡುವೆ ತೋರುಬೆರಳನ್ನು ಪೂರ್ತಿ ಇಳಿಸಿ ನೋಡಿ. ಮೇಲಿನ ಒಂದು ಅಂಗುಲ ಒಣಗಿ, ಬೆರಳ ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡರೆ ಆ ದಿನ ನೀರು ಬೇಡ. ಮೇಲೆ ಒದ್ದೆಯಾಗಿದ್ದು ಬೆರಳ ತುದಿಗೆ ಪುಡಿ ಮಣ್ಣು ಸಿಕ್ಕರೆ, ನೀವು ಎರಡು ಹೊತ್ತೂ ಮಡಿಯ ಮುಖವನ್ನಷ್ಟೇ ತೊಳೆಯುತ್ತಿದ್ದೀರಿ ಎಂದು ತಿಳಿಯಬೇಕು.

ನೀರಿನ ಲೆಕ್ಕ ಕಷ್ಟದ್ದಲ್ಲ. ಒಳನಾಡಿನ ಬೇಸಿಗೆಯಲ್ಲಿ ಬೆಳೆ ತುಂಬಿದ ಮಣ್ಣು ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರಿನಷ್ಟು ನೀರನ್ನು ಕಳೆದುಕೊಳ್ಳುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನಿಮ್ಮ ಒಂದು ಮಡಿಯ ವಿಸ್ತೀರ್ಣ ಹೆಚ್ಚು ಕಡಿಮೆ 3 ಚದರ ಮೀಟರ್ ಆಗುವುದರಿಂದ ಮಡಿಯೊಂದಕ್ಕೆ ದಿನಕ್ಕೆ 15ರಿಂದ 18 ಲೀಟರ್ ಬೇಕಾಗುತ್ತದೆ. ಅಂದರೆ ಒಂದು ದೊಡ್ಡ ಕೊಡ, ಅದರ ಮೇಲೊಂದಿಷ್ಟು. ಪೈಪಿನಲ್ಲಿ ಹಾಕುವವರು ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಮ್ಮೆ ನೋಡಿಕೊಂಡರೆ ಉಳಿದ ದಿನಗಳಲ್ಲಿ ಅಂದಾಜು ತಪ್ಪುವುದಿಲ್ಲ. ಗಿಡಗಳು ಬೇರೂರಿದ ಮೇಲೆ ಇಷ್ಟು ನೀರನ್ನು ಎರಡು ಹೊತ್ತಿಗೆ ಹಂಚುವ ಬದಲು ಬೆಳಿಗ್ಗೆ ಒಮ್ಮೆಗೇ, ನಿಧಾನವಾಗಿ, ಬುಡಕ್ಕೆ ಹಾಕುವುದು ಮೇಲು. ಆಗ ನೀರು ಆಳಕ್ಕೆ ಇಳಿಯುತ್ತದೆ, ಅದನ್ನು ಹಿಂಬಾಲಿಸಿ ಬೇರೂ ತಂಪು ಇರುವ ಕಡೆಗೆ ಇಳಿಯುತ್ತದೆ. ಬೀಜ ಮೊಳೆಯುವ ಹಂತದಲ್ಲಿ ಮಾತ್ರ ದಿನಕ್ಕೆ ಎರಡು ಬಾರಿ ಹಗುರವಾಗಿ ಚಿಮುಕಿಸುವುದು ಅನಿವಾರ್ಯ.

ಈಗ ಮಡಿಯ ಆಕಾರದ ವಿಷಯ. ಮಣ್ಣನ್ನು ಅಂಚಿನಿಂದ ಎರಡು ಮೂರು ಅಂಗುಲ ತಗ್ಗಿಸಿ, ಗೋಡೆಯ ಬದಿಗೆ ಸಣ್ಣ ಬದು ಎತ್ತಿ, ನಡುವೆ ಪಾತಿಯಂತೆ ಮಾಡಿ. ಸಂದು ಬಿಟ್ಟಿರುವ ಕಡೆ ಗೊಬ್ಬರ ಬೆರೆಸಿದ ಮಣ್ಣನ್ನು ತುಂಬಿ ಕಡ್ಡಿಯಿಂದ ಜಡಿಯಿರಿ. ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳ ಹೊರಮೈಗೆ ಸುಣ್ಣ ಬಳಿದರೆ ಬಿಸಿಲು ಅಷ್ಟರಮಟ್ಟಿಗೆ ಹಿಂದಕ್ಕೆ ಹೋಗುತ್ತದೆ. ತೆಂಗಿನ ಗರಿಗಳನ್ನು ಒರಗಿಸಿಟ್ಟರೂ ಆಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಹೊದಿಕೆ. ನಿಮ್ಮ ಜಿಲ್ಲೆಯಲ್ಲಿ ರಾಗಿ ಹುಲ್ಲು, ತೆಂಗಿನ ಗರಿ, ನಾರು ಯಾವುದಕ್ಕೂ ಕೊರತೆಯಿಲ್ಲ. ಸಸಿ ಗೇಣುದ್ದ ಬೆಳೆದ ಮೇಲೆ ಎರಡರಿಂದ ಮೂರು ಅಂಗುಲ ದಪ್ಪಕ್ಕೆ ಹುಲ್ಲನ್ನು ಹರಡಿ, ಕಾಂಡದ ಸುತ್ತ ಎರಡು ಬೆರಳಷ್ಟು ಜಾಗವನ್ನು ಮಾತ್ರ ತೆರೆದಿಡಿ. ಬರಿಯ ಮಣ್ಣಿನ ಮಡಿಗೂ ಹೊದಿಕೆಯ ಮಡಿಗೂ ಇರುವ ವ್ಯತ್ಯಾಸ ಮಧ್ಯಾಹ್ನ ಅಂಗೈ ಇಟ್ಟು ನೋಡಿದರೆ ತಿಳಿಯುತ್ತದೆ: ಒಂದರ ಮೇಲೆ ಕೈ ನಿಲ್ಲುವುದಿಲ್ಲ, ಇನ್ನೊಂದರ ಹುಲ್ಲು ಸರಿಸಿದರೆ ಕೆಳಗಿನ ಮಣ್ಣು ಕಪ್ಪಗೆ, ತಣ್ಣಗೆ ಇರುತ್ತದೆ. ಗೆದ್ದಲಿನ ಭಯವಿದ್ದರೆ ಹುಲ್ಲಿನ ಕೆಳಗೆ ಬೇವಿನ ಹಿಂಡಿಯನ್ನು ತೆಳುವಾಗಿ ಉದುರಿಸಿ.

ಒಂದು ವಾರ ಊರಿಗೆ ಹೋಗಬೇಕಾದವರಿಗೆ ಮಡಕೆ ನೀರಾವರಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಬಣ್ಣ, ಮೆರುಗು ಇಲ್ಲದ ಸಾದಾ ಮಣ್ಣಿನ ಮಡಕೆಯನ್ನು ಕಂಠದವರೆಗೆ ಮಡಿಯಲ್ಲಿ ಹೂತು, ನೀರು ತುಂಬಿಸಿ, ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಮುಚ್ಚಳ ಹಾಕಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆ ಒಸರುತ್ತದೆ, ಮಣ್ಣು ಹಸಿಯಾಗಿದ್ದರೆ ಒಸರುವುದು ತಗ್ಗುತ್ತದೆ. 8 ಅಡಿ ಉದ್ದದ ಮಡಿಗೆ ಮಧ್ಯಮ ಗಾತ್ರದ ಮೂರು ಮಡಕೆ ಸಾಕು. ಪಕ್ಕದ ಮನೆಯವರು ಮೂರು ದಿನಕ್ಕೊಮ್ಮೆ ಬಂದು ಮಡಕೆ ತುಂಬಿಸಿದರೆ ಗಿಡಗಳು ನಿಮಗಾಗಿ ಕಾಯುತ್ತವೆ.

ಪ್ರಶ್ನೆ: ನಮ್ಮಲ್ಲಿ ಈಗಲೇ ಬಿಸಿಲು ಸುಡುತ್ತಿದೆ. ಈ ಹೊತ್ತಿನಲ್ಲಿ ಮಡಿಯಲ್ಲಿ ಯಾವ ಕಾಯಿಪಲ್ಲೆ ಹಾಕಬಹುದು? ಗಜ್ಜರಿ ಮತ್ತು ಹೂಕೋಸು ಹಾಕಬೇಕೆಂಬ ಆಸೆ ಮಕ್ಕಳಿಗಿದೆ. (ಕಲಬುರಗಿಯ ಓದುಗರು)

ಉತ್ತರ: ಗಜ್ಜರಿ ಮತ್ತು ಹೂಕೋಸಿನ ಆಸೆಯನ್ನು ಅಕ್ಟೋಬರಿನವರೆಗೆ ಮುಂದೂಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಿಮ್ಮ ಭಾಗದಲ್ಲಿ ತಂಪು ಬೇಡುವ ಬೆಳೆಗಳಿಗೆ ನೀರು ಸುರಿಯುವುದು ವ್ಯರ್ಥ. ಕೊತ್ತಂಬರಿ ಕೂಡ ಎರಡು ಎಲೆ ಬಿಡುವುದರೊಳಗೆ ಹೂವಿಗೆ ನಿಲ್ಲುತ್ತದೆ.

ನಿಮ್ಮ ಹಿರಿಯರು ಬಿಸಿಲಿಗೆ ನಂಬಿದ್ದ ಬೆಳೆಗಳೇ ಈಗಲೂ ನಂಬಿಕೆಗೆ ಅರ್ಹವಾದವು. ಅವುಗಳಲ್ಲಿ ಮೊದಲನೆಯದು ಚವಳಿಕಾಯಿ, ದಕ್ಷಿಣದವರು ಗೋರಿಕಾಯಿ ಎನ್ನುವುದು ಇದನ್ನೇ. ಆಳಕ್ಕೆ ಬೇರಿಳಿಸುವ, ಬಿಸಿಲಿಗೆ ಅಂಜದ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣನ್ನೂ ಪೋಷಿಸುವ ಗಿಡ ಇದು. ಒಂದೂವರೆ ಅಡಿ ಅಂತರದ ಸಾಲಿನಲ್ಲಿ ಗೇಣಿಗೊಂದು ಕಾಳು ಊರಿದರೆ ಒಂದೂವರೆ ತಿಂಗಳು ಕಳೆಯುತ್ತಿದ್ದಂತೆ ಕಾಯಿ ಕೀಳಲು ಆರಂಭಿಸಬಹುದು. ಬೆಂಡೆಯನ್ನು 4 ಅಡಿ ಅಗಲದ ಮಡಿಯಲ್ಲಿ ಮೂರು ಸಾಲಾಗಿ, ಅಡಿಗೊಂದು ಗಿಡದಂತೆ ಹಾಕಿದರೆ 8 ಅಡಿ ಉದ್ದಕ್ಕೆ 24 ಗಿಡಗಳಾಗುತ್ತವೆ. ನಾಲ್ಕು ಜನರ ಮನೆಗೆ ಆಗಾಗ ಪಲ್ಯಕ್ಕಾಗುವಷ್ಟು ಕಾಯಿ ಇಷ್ಟರಲ್ಲಿ ದೊರೆಯುತ್ತದೆ. ಬೀಜವನ್ನು ಒಂದು ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ ಊರಬೇಕು. ಕಾಯಿಯನ್ನು ದಿನ ಬಿಟ್ಟು ದಿನ ಕೀಳಲೇಬೇಕು. ಒಂದೆರಡು ಕಾಯಿ ಬಲಿತು ಗಿಡದಲ್ಲೇ ಉಳಿದರೂ ಹೊಸ ಹೂವಿನ ವೇಗ ತಗ್ಗುತ್ತದೆ.

ಸೊಪ್ಪುಗಳಲ್ಲಿ ರಾಜಗಿರಿ ಮತ್ತು ಪುಂಡಿ ಬಿಸಿಲಿಗೆ ಹೇಳಿ ಮಾಡಿಸಿದವು. ರಾಜಗಿರಿಯ ಬೀಜ ಬಹಳ ಸಣ್ಣದಾದ್ದರಿಂದ ಅದರ ಹತ್ತು ಪಟ್ಟು ಸಣ್ಣ ಮರಳನ್ನು ಬೆರೆಸಿ ಗೆರೆಯಲ್ಲಿ ಉದುರಿಸಿ, ಮೇಲೆ ಮಣ್ಣನ್ನು ಸೋಕಿಸಿದಷ್ಟೇ ಮುಚ್ಚಿ. 25ರಿಂದ 30 ದಿನಗಳಲ್ಲಿ ಮೊದಲ ಕೊಯ್ಲು ಸಿಗುತ್ತದೆ. ಬೇರು ಸಹಿತ ಕೀಳದೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹೀಗೆ ಹಲವು ಬಾರಿ ಕೊಯ್ಯಲು ಬರುವ ತಳಿ.

ಹೀರೆ, ಹಾಗಲ, ಸವತಿ ಬಳ್ಳಿಗಳನ್ನು ಮಡಿಯ ಪಶ್ಚಿಮದ ಅಂಚಿನಲ್ಲಿ ಹಾಕಿ ಚಪ್ಪರಕ್ಕೆ ಹಬ್ಬಿಸಿ ಎಂಬುದು ನನ್ನ ಖಚಿತ ಸಲಹೆ. ಏಪ್ರಿಲ್ ಮಧ್ಯದ ಹೊತ್ತಿಗೆ ಬಳ್ಳಿ ಚಪ್ಪರ ಏರಿದರೆ, ಮಧ್ಯಾಹ್ನ ಮೂರರ ನಂತರದ ಸುಡುಬಿಸಿಲಿಗೆ ಅದೇ ತಡೆಯಾಗಿ, ಅದರ ನೆರಳಿನಲ್ಲಿ ಸೊಪ್ಪಿನ ಸಾಲುಗಳು ಉಳಿಯುತ್ತವೆ. ಚಪ್ಪರ ಹಬ್ಬುವವರೆಗೆ ಶೇಕಡ 35ರಿಂದ 50ರಷ್ಟು ನೆರಳು ಕೊಡುವ ಹಸಿರು ಬಲೆಯನ್ನು ಆಳೆತ್ತರದಲ್ಲಿ ಕಟ್ಟಬಹುದು. ಶೇಕಡ 75ರ ಬಲೆ ಬೇಡ, ಅದರ ಕೆಳಗೆ ಬೆಂಡೆ, ಚವಳಿಯಂತಹ ಬಿಸಿಲು ಬೇಡುವ ಗಿಡಗಳು ಸೊರಗಿ ಉದ್ದವಾಗುತ್ತವೆಯೇ ಹೊರತು ಕಾಯಿ ಕಟ್ಟುವುದಿಲ್ಲ.

ಪ್ರಶ್ನೆ: ಟೊಮ್ಯಾಟೊ ಗಿಡಗಳು ಸೊಂಪಾಗಿವೆ, ಹೂವೂ ತುಂಬಿದೆ, ಆದರೆ ಒಂದು ವಾರದಿಂದ ಹೂವೆಲ್ಲ ತೊಟ್ಟು ಸಮೇತ ಉದುರುತ್ತಿದೆ. ಯಾವ ಗೊಬ್ಬರ ಹಾಕಬೇಕು? (ಮೈಸೂರಿನ ಓದುಗರು)

ಉತ್ತರ: ಗೊಬ್ಬರ ಬೇಡ, ಅದರಲ್ಲೂ ಯೂರಿಯಾ ಖಂಡಿತ ಬೇಡ. ಗಿಡ ಸೊಂಪಾಗಿರುವುದೇ ಅದಕ್ಕೆ ಸಾರಜನಕದ ಕೊರತೆ ಇಲ್ಲವೆಂದು ಹೇಳುತ್ತಿದೆ. ಹಗಲಿನ ಉಷ್ಣಾಂಶ 32ರಿಂದ 35 ಡಿಗ್ರಿಯನ್ನು ಮೀರಿ, ರಾತ್ರಿಯೂ 21-22 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಟೊಮ್ಯಾಟೊದ ಪರಾಗ ಸರಿಯಾಗಿ ಬಲಿಯುವುದಿಲ್ಲ, ಫಲ ಕಟ್ಟದ ಹೂವನ್ನು ಗಿಡ ಉದುರಿಸಿಬಿಡುತ್ತದೆ. ನಿಮ್ಮ ಊರಿನಲ್ಲಿ ಮಾರ್ಚ್ ಕೊನೆಯಿಂದ ಮೊದಲ ಮಳೆಗಳು ಬೀಳುವವರೆಗೂ ಈ ಸ್ಥಿತಿ ಬಂದು ಹೋಗುತ್ತಲೇ ಇರುತ್ತದೆ.

ಮಾಡಬಹುದಾದದ್ದು ಇಷ್ಟು. ಮಧ್ಯಾಹ್ನದ ಹೊತ್ತಿಗೆ ಬಲೆಯ ನೆರಳು ಕೊಡಿ, ಹೊದಿಕೆ ಹಾಕಿ, ಬೆಳಗಿನ ಎಂಟರಿಂದ ಹತ್ತರ ನಡುವೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಮೀಟಿ. ಟೊಮ್ಯಾಟೊ ಹೂವು ತನ್ನ ಪರಾಗದಿಂದಲೇ ಫಲ ಕಟ್ಟುವಂಥದ್ದು, ಅದಕ್ಕೆ ಒಂದು ನಡುಕ ಸಾಕು. ನೀರನ್ನು ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಎಂಬಂತೆ ಏರುಪೇರು ಮಾಡಬೇಡಿ. ಹಾಗೆ ಮಾಡಿದರೆ ಕಟ್ಟಿದ ಕಾಯಿಗಳ ತಳಭಾಗ ಕಪ್ಪಾಗಿ ಚಪ್ಪಟೆಯಾಗುತ್ತದೆ. ಅನೇಕರು ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ, ಅದು ನೀರಿನ ಏರುಪೇರಿನಿಂದ ಕಾಯಿಗೆ ಸುಣ್ಣದ ಅಂಶ ತಲುಪದೆ ಆಗುವ ತೊಂದರೆ. ಗಿಡಗಳನ್ನು ಕೀಳಬೇಡಿ. ಒಂದೆರಡು ಮಳೆಯಾಗಿ ರಾತ್ರಿಗಳು ತಂಪಾದರೆ ಅವೇ ಗಿಡಗಳು ಮತ್ತೆ ಕಾಯಿ ಹಿಡಿಯುತ್ತವೆ.

ಪ್ರಶ್ನೆ: ಅಡುಗೆಮನೆಯ ನೀರು, ಬಟ್ಟೆ ಯಂತ್ರದ ನೀರು, ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರು ಇವುಗಳನ್ನು ತರಕಾರಿ ಮಡಿಗೆ ಹಾಕಬಹುದೇ? (ಬೆಂಗಳೂರಿನ ಓದುಗರು)

ಉತ್ತರ: 2024ರ ಮಾರ್ಚಿನಲ್ಲಿ ನಗರದ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿದ ಮೇಲೆ ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತಿದೆ. ನೀರಿನ ಅಭಾವದ ಊರಿನಲ್ಲಿ ತರಕಾರಿ ಬೆಳೆಯುವವರು ಕೇಳಲೇಬೇಕಾದ ಪ್ರಶ್ನೆಯೂ ಹೌದು.

ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಯಾವ ಅನುಮಾನವೂ ಇಲ್ಲದೆ ಮಡಿಗೆ ಯೋಗ್ಯ. ಸಿಂಕಿನ ಪಕ್ಕದಲ್ಲಿ ಒಂದು ಪಾತ್ರೆ ಇಟ್ಟುಕೊಂಡು ಅದನ್ನು ಹಿಡಿದಿಟ್ಟರೆ ಸೊಪ್ಪಿನ ಸಾಲುಗಳ ಪಾಲಿನ ನೀರಿನಲ್ಲಿ ಸ್ವಲ್ಪ ಭಾಗವಾದರೂ ಅದರಿಂದಲೇ ಬರುತ್ತದೆ. ಉಪ್ಪು, ಎಣ್ಣೆ ಸೇರಿದ ಪಾತ್ರೆ ತೊಳೆದ ನೀರು ಬೇಡ. ಬಟ್ಟೆ ಯಂತ್ರದ ನೀರಿನಲ್ಲಿ ಸೋಡಿಯಂ ಲವಣಗಳು ಇರುವುದರಿಂದ ಅದು ಮಣ್ಣಿನ ಹರಳುಗಟ್ಟನ್ನು ಕೆಡಿಸಿ ಬಿಗಿ ಮಾಡುತ್ತದೆ. ಕೊನೆಯ ಜಾಲಾಡುವಿಕೆಯ ನೀರನ್ನು ಬೇಕಿದ್ದರೆ ತೆಂಗು, ಬಾಳೆಗಳ ಬುಡಕ್ಕೆ ಬಿಡಿ, ಹಸಿಯಾಗಿ ತಿನ್ನುವ ತರಕಾರಿಯ ಮಡಿಗೆ ಬಿಡಬೇಡಿ. ಶುದ್ಧೀಕರಣ ಯಂತ್ರ ಹೊರಹಾಕುವ ನೀರಿನಲ್ಲಿ ಮೂಲ ನೀರಿನ ಲವಣಗಳೇ ಸಾಂದ್ರವಾಗಿರುತ್ತವೆ. ಮೂಲ ನೀರು ಸಿಹಿಯಾದುದಾಗಿದ್ದರೆ ಸಮಪಾಲು ಬೇರೆ ನೀರು ಬೆರೆಸಿ ಆಗಾಗ ಹಾಕಬಹುದು, ಗಡಸು ಕೊಳವೆಬಾವಿ ನೀರಾಗಿದ್ದರೆ ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದೇ ಸರಿ.

ಪ್ರಶ್ನೆ: ಕೊಳವೆಬಾವಿ ನೀರು ಹಾಕುತ್ತಿದ್ದೇವೆ. ಮಡಿಯ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತಿದೆ, ಹುರುಳಿಕಾಯಿ ಗಿಡದ ಎಲೆಯ ಅಂಚು ಸುಟ್ಟಂತಾಗಿದೆ. (ಕೋಲಾರದ ಓದುಗರು)

ಉತ್ತರ: ನೀರು ಆವಿಯಾದಾಗ ಉಳಿದ ಲವಣವೇ ಆ ಬಿಳಿ ಪುಡಿ. ತರಕಾರಿಗಳಲ್ಲಿ ಹುರುಳಿಕಾಯಿ ಅತಿ ಬೇಗ ಲವಣಕ್ಕೆ ಸೋಲುವ ಬೆಳೆ, ಆದ್ದರಿಂದ ಮೊದಲು ಅದರಲ್ಲೇ ಕಂಡಿದೆ. ದಿನವೂ ಸ್ವಲ್ಪ ಸ್ವಲ್ಪ ನೀರು ಹಾಕುವುದರಿಂದ ಲವಣ ಮೇಲ್ಪದರದಲ್ಲೇ ಜಮೆಯಾಗುತ್ತದೆ. ಬಿಳಿ ಪದರವನ್ನು ಕೆರೆದು ತೆಗೆದು, ಹದಿನೈದು ದಿನಕ್ಕೊಮ್ಮೆ ಮಾಮೂಲಿನ ಎರಡರಷ್ಟು ನೀರನ್ನು ಒಮ್ಮೆಗೇ ಕೊಟ್ಟು ಲವಣವನ್ನು ಕೆಳಕ್ಕೆ ತೊಳೆಯಿರಿ. ಇಲ್ಲಿ ಮಾತ್ರ ಏರುಮಡಿಯ ಬಸಿಯುವ ಗುಣ ಬೇಸಿಗೆಯಲ್ಲೂ ನಿಮ್ಮ ನೆರವಿಗೆ ಬರುತ್ತದೆ, ಮಡಿಯ ತಳದ ರಂಧ್ರಗಳು ಮುಚ್ಚಿಲ್ಲವೆಂದು ನೋಡಿಕೊಂಡರೆ ಆಯಿತು. ಹುರುಳಿಕಾಯಿಯ ಬದಲು ಪಾಲಕ್ ಹಾಕಿ, ಅದು ಲವಣವನ್ನು ಬಹಳಷ್ಟು ಸಹಿಸುತ್ತದೆ, ಬಲೆಯ ನೆರಳಿದ್ದರೆ ಬೇಸಿಗೆಯನ್ನೂ ತಾಳುತ್ತದೆ. ಜಿಪ್ಸಮ್ ಹಾಕಿ ಎಂದು ಯಾರಾದರೂ ಹೇಳಿದರೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಮತ್ತು ನೀರನ್ನು ಪರೀಕ್ಷಿಸಿಕೊಂಡ ನಂತರವೇ ನಿರ್ಧರಿಸಿ.

ಪ್ರಶ್ನೆ: ಬೆಂಡೆ ಗಿಡದ ಎಲೆಗಳು ಹಳದಿಯಾಗುತ್ತಿವೆ. ಕಬ್ಬಿಣದ ಅಂಶ ಕಡಿಮೆಯೆಂದು ಅಂಗಡಿಯವರು ಪುಡಿ ಕೊಟ್ಟರು, ಎರಡು ಬಾರಿ ಸಿಂಪಡಿಸಿದರೂ ಗುಣವಿಲ್ಲ. (ದಾವಣಗೆರೆಯ ಓದುಗರು)

ಉತ್ತರ: ನೀವು ಪತ್ರದೊಂದಿಗೆ ಕಳುಹಿಸಿದ ಚಿತ್ರವನ್ನು ನೋಡಿದೆ. ಅದು ಕಬ್ಬಿಣದ ಕೊರತೆಯಲ್ಲ. ಈ ಎರಡನ್ನೂ ಬರಿಗಣ್ಣಿನಿಂದಲೇ ಬೇರ್ಪಡಿಸಬಹುದು. ಎಳೆಯ ಎಲೆಯೊಂದನ್ನು ಬೆಳಕಿಗೆ ಹಿಡಿಯಿರಿ. ಕಬ್ಬಿಣದ ಕೊರತೆಯಾಗಿದ್ದರೆ ನರಗಳು ಹಸಿರಾಗಿಯೇ ಉಳಿದು ಅವುಗಳ ನಡುವಿನ ಭಾಗ ಹಳದಿಯಾಗುತ್ತದೆ. ಇಲ್ಲಿ ಅದಕ್ಕೆ ತದ್ವಿರುದ್ಧವಾಗಿ ನರಗಳೇ, ಕೂದಲೆಳೆಯಂತಹ ಕವಲುಗಳು ಸಹಿತ, ಹಳದಿ ಬಲೆಯಾಗಿ ಎದ್ದು ಕಾಣುತ್ತವೆ, ನಡುವಿನ ಭಾಗ ಇನ್ನೂ ಹಸಿರಾಗಿರುತ್ತದೆ. ದಿನ ಕಳೆದಂತೆ ಇಡೀ ಎಲೆ ಹಳದಿಗೆ ತಿರುಗಿ, ಕಾಯಿ ಕೂಡ ಬಿಳಿಚಿಕೊಂಡು ಗಡುಸಾಗುತ್ತದೆ. ಇದು ಹಳದಿ ನರದ ನಂಜುರೋಗ. ಇದನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಬಿಳಿ ನೊಣ, ಒಣ ಬಿಸಿಲಿನ ದಿನಗಳಲ್ಲಿ ಅದರ ಸಂತತಿ ಬಹಳ ವೇಗವಾಗಿ ಬೆಳೆಯುತ್ತದೆ.

ನಂಜು ಹತ್ತಿದ ಗಿಡಕ್ಕೆ ಔಷಧಿ ಇಲ್ಲ. ಹಿತ್ತಲಿನವರಿಗೆ ಅದನ್ನು ಕೀಳಲು ಮನಸ್ಸು ಬರುವುದಿಲ್ಲ, ಇನ್ನೂ ನಾಲ್ಕು ಕಾಯಿ ಕೊಡಲಿ ಎಂದು ಉಳಿಸಿಕೊಳ್ಳುತ್ತಾರೆ, ಅಷ್ಟರಲ್ಲಿ ಅದು ಸುತ್ತಲಿನ ಗಿಡಗಳಿಗೂ ನಂಜು ಹಂಚಿರುತ್ತದೆ. ದಯವಿಟ್ಟು ಇಂದೇ ಕಿತ್ತು ಮಡಿಯಿಂದ ದೂರದಲ್ಲಿ ಹೂಳಿ. ಉಳಿದ ಗಿಡಗಳ ಎಲೆಯ ಕೆಳಮೈಗೆ ತಾಗುವಂತೆ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಅದು ನೀರಿನಲ್ಲಿ ಬೆರೆಯಲು ಒಂದು ಮಿಲಿಲೀಟರ್ ಸೋಪಿನ ದ್ರಾವಣ ಸೇರಿಸಿ ವಾರಕ್ಕೊಮ್ಮೆ ಸಿಂಪಡಿಸಿ. ಸಿಂಪಡಣೆ ಸಂಜೆಯೇ ಆಗಬೇಕು, ಬಿಸಿಲಿನಲ್ಲಿ ಎಣ್ಣೆ ಎಲೆಯನ್ನು ಸುಡುತ್ತದೆ. ಗಿಡದ ತುದಿಯ ಮಟ್ಟಕ್ಕೆ ಹಳದಿ ಅಂಟುಹಾಳೆ ತೂಗು ಹಾಕಿದರೆ ನೊಣ ಬಂದಿದೆಯೇ ಇಲ್ಲವೇ ಎಂಬುದು ಬೇಗ ತಿಳಿಯುತ್ತದೆ. ಮುಂದಿನ ಬಾರಿ ಬೀಜ ಕೊಳ್ಳುವಾಗ ನಂಜು ನಿರೋಧಕ ತಳಿಯನ್ನು ಕೇಳಿ ಪಡೆಯಿರಿ. ಆದರೆ ಒಂದು ಕಾಲದಲ್ಲಿ ನಿರೋಧಕ ಎನಿಸಿದ್ದ ತಳಿಗಳೂ ಈಗ ಕೆಲವು ಕಡೆ ನಂಜಿಗೆ ತುತ್ತಾಗುತ್ತಿರುವುದರಿಂದ ಬಿಳಿ ನೊಣದ ಮೇಲಿನ ಕಣ್ಣನ್ನು ಮಾತ್ರ ತೆಗೆಯಬೇಡಿ.

ಪ್ರಶ್ನೆ: ಮಡಿಯ ಅಂಚಿಗೆ ಅಡಿಕೆ ದಬ್ಬೆ ಬಳಸಬಹುದೇ? ಕೊಟ್ಟಿಗೆಯ ಹಳೆಯ ಸಿಮೆಂಟ್ ಶೀಟುಗಳೂ ಇವೆ. (ಸಾಗರದ ಓದುಗರು)

ಉತ್ತರ: ದಬ್ಬೆ ಬಳಸಿ. ಎರಡು ಮೂರು ವರ್ಷಗಳಲ್ಲಿ ಗೆದ್ದಲು ಹಿಡಿದು ಶಿಥಿಲವಾದರೂ ಅದು ಬಿಸಿಲಿಗೆ ಕಲ್ಲು, ಬ್ಲಾಕುಗಳಷ್ಟು ಕಾಯುವುದಿಲ್ಲ, ಕೊಳೆತದ್ದು ಮಣ್ಣಿಗೇ ಸೇರುತ್ತದೆ. ಹಳೆಯ ಶೀಟುಗಳು ಕಲ್ನಾರಿನವಾಗಿದ್ದರೆ ಕತ್ತರಿಸುವುದಾಗಲೀ ಒಡೆಯುವುದಾಗಲೀ ಬೇಡವೇ ಬೇಡ. ಆಗ ಏಳುವ ದೂಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಬಹಳ ಅಪಾಯಕಾರಿ.

ಪ್ರಶ್ನೆ: ಹೀರೆ ಮತ್ತು ಕುಂಬಳದ ಬಳ್ಳಿಯಲ್ಲಿ ದಿನವೂ ಹೂ ಅರಳುತ್ತಿದೆ, ಒಂದು ಕಾಯಿಯೂ ಇಲ್ಲ. ಸಣ್ಣ ಮಿಡಿಗಳು ಕಂಡರೂ ಹಳದಿಯಾಗಿ ಉದುರುತ್ತವೆ. (ಹಾಸನದ ಓದುಗರು)

ಉತ್ತರ: ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಗಂಡು ಹೂಗಳೇ ಬರುತ್ತವೆ. ಉಷ್ಣಾಂಶ ಏರಿದಷ್ಟೂ, ಹಗಲು ಉದ್ದವಾದಷ್ಟೂ, ಸಾರಜನಕ ಹೆಚ್ಚಾದಷ್ಟೂ ಗಂಡು ಹೂಗಳ ಪ್ರಮಾಣ ಏರುತ್ತದೆ. ಆದ್ದರಿಂದ ಮೊದಲ ಎರಡು ವಾರ ಕಾಯಿ ಇಲ್ಲದಿದ್ದರೆ ಚಿಂತೆ ಬೇಡ. ಆದರೆ ಮಿಡಿ ಕಂಡು ಉದುರುತ್ತಿದೆ ಎಂದಿದ್ದೀರಿ, ಅಂದರೆ ಹೆಣ್ಣು ಹೂ ಬರಲಾರಂಭಿಸಿದೆ, ಪರಾಗ ತಲುಪುತ್ತಿಲ್ಲ. ಸುತ್ತಲೂ ಮನೆಗಳೇ ಇರುವ ಹಿತ್ತಲುಗಳಲ್ಲಿ ಜೇನುನೊಣದ ಓಡಾಟ ಕಡಿಮೆ, ಹಾಗಾಗಿ ಆ ಕೆಲಸವನ್ನು ಕೈಯಾರೆ ಮಾಡಬೇಕು.

ಕುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ, ಆದ್ದರಿಂದ ಎಂಟು ಗಂಟೆಯೊಳಗೆ ಬಳ್ಳಿಯ ಬಳಿ ಇರಬೇಕು. ಹಳದಿ ದಳದ ಹಿಂದೆ ಗೋಲಿ ಗಾತ್ರದ ಪುಟ್ಟ ಕುಂಬಳವೇ ಇದ್ದರೆ ಅದು ಹೆಣ್ಣು, ಬರಿಯ ಉದ್ದ ತೊಟ್ಟಿದ್ದರೆ ಗಂಡು. ಆಗ ತಾನೇ ಅರಳಿದ ಗಂಡು ಹೂವೊಂದನ್ನು ತೊಟ್ಟು ಸಮೇತ ಕಿತ್ತು, ದಳಗಳನ್ನು ಹಿಂದಕ್ಕೆ ಸುಲಿದರೆ ನಡುವೆ ನಿಂತ ಕೇಸರ ಮಾತ್ರ ಉಳಿಯುತ್ತದೆ. ಬೆರಳಿಗೆ ಸೋಕಿಸಿ, ಹಳದಿ ಪುಡಿ ಹತ್ತಬೇಕು. ಅದನ್ನು ಹೆಣ್ಣು ಹೂವಿನ ಒಳಗಿನ ಅಂಟಂಟಾದ ಹಾಲೆಗಳಿಗೆ ಎಲ್ಲ ಬದಿಯಿಂದಲೂ ಮೃದುವಾಗಿ ಸವರಿ. ಒಂದೇ ಬದಿಗೆ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ನಾಲ್ಕೈದು ದಿನಗಳಲ್ಲಿ ಮಿಡಿ ಹಸಿರಾಗಿಯೇ ಉಬ್ಬಿದರೆ ಫಲ ಕಟ್ಟಿತೆಂದು ತಿಳಿಯಿರಿ. ಹೀರೆಯ ಹೂ ಅರಳುವುದು ಸಂಜೆ ಐದರ ನಂತರ, ಸೋರೆಯೂ ಹಾಗೆಯೇ. ಬೆಳಿಗ್ಗೆ ಹೋಗಿ ಹೀರೆಯ ಹೂ ಸವರಿದವರಿಗೆ ಫಲ ಸಿಗದಿರುವುದಕ್ಕೆ ಈ ಹೊತ್ತಿನ ವ್ಯತ್ಯಾಸವೇ ಕಾರಣ. ಹಾಗಲ ಮತ್ತು ಸೌತೆಗೆ ಬೆಳಗಿನ ಹೊತ್ತು.

ಕಾಯಿ ಕಟ್ಟಿದ ಮೇಲೆ ಹಣ್ಣು ನೊಣ ಚುಚ್ಚಿ ಮೊಟ್ಟೆಯಿಡುವ ಭಯವಿರುತ್ತದೆ. ಎಳೆ ಮಿಡಿಗೆ ಕಾಗದದ ಚೀಲ ಕಟ್ಟುವುದು ಹಿತ್ತಲಿಗೆ ಸಾಕಾಗುವ ಉಪಾಯ.

ಪ್ರಶ್ನೆ: ನಮ್ಮಲ್ಲಿ ಜೂನ್ ಬಂತೆಂದರೆ ಮಳೆ ಬಿಡುವುದಿಲ್ಲ. ಈಗ ಮಡಿ ಮಾಡಿ ಪ್ರಯೋಜನವಿದೆಯೇ? (ಉಡುಪಿಯ ಓದುಗರು)

ಉತ್ತರ: ಖಂಡಿತ ಇದೆ. ಕರಾವಳಿಯಲ್ಲಿ ಗದ್ದೆ ಕೊಯ್ಲಾದ ಮೇಲೆ ಹರಿವೆ, ಅಲಸಂಡೆ, ಮುಳ್ಳುಸೌತೆ, ಹೀರೆ ಬೆಳೆಯುವ ಕ್ರಮ ಹಿಂದಿನಿಂದಲೂ ನಡೆದುಬಂದಿದೆ, ನಿಮ್ಮ ಮಡಿ ಅದರ ಮುಂದುವರಿಕೆ. ಜಂಬಿಟ್ಟಿಗೆ ಮಣ್ಣು ಹುಳಿಯಾಗಿದ್ದು ನೀರನ್ನು ಹಿಡಿದಿಡುವುದಿಲ್ಲವಾದ್ದರಿಂದ ಸುಡುಮಣ್ಣು ಮತ್ತು ಹಟ್ಟಿಗೊಬ್ಬರವನ್ನು ಧಾರಾಳವಾಗಿ ಸೇರಿಸಿ. ಮಡಿಯ ಒಂದು ತುದಿಗೆ ಬಸಳೆಯ ಬಲಿತ ದಂಟುಗಳನ್ನು ಊರಿ ಚಪ್ಪರಕ್ಕೆ ಹಬ್ಬಿಸಿದರೆ ಬೇಸಿಗೆಯುದ್ದಕ್ಕೂ ಸೊಪ್ಪಿಗೆ ಬರವಿರುವುದಿಲ್ಲ. ಈಗ ಪಾತಿಯಂತೆ ತಗ್ಗಿಸಿದ ಮಣ್ಣನ್ನು ಮೇ ಕೊನೆಯ ವಾರದಲ್ಲಿ ನಡುವೆ ಎತ್ತರ ಮಾಡಿ ಇಳಿಜಾರು ಕೊಟ್ಟುಬಿಡಿ, ಮಳೆಗಾಲದ ಬೆಂಡೆಗೆ ಅದೇ ಏರುಮಡಿ ಸಿದ್ಧವಾಗಿರುತ್ತದೆ.

ಪ್ರಶ್ನೆ: ಎರಡು ಮಡಿಗಳ ಪೈಕಿ ಒಂದಕ್ಕಷ್ಟೇ ನೀರು ಸಾಲುತ್ತದೆ. ಖಾಲಿ ಇರುವ ಮಡಿಯನ್ನು ಏನು ಮಾಡಬೇಕು? ಅದರಲ್ಲಿ ಕಳೆದ ಸಲ ಬದನೆಯ ಬೇರುಗಳಲ್ಲಿ ಗಂಟುಗಳಿದ್ದವು. (ಧಾರವಾಡದ ಓದುಗರು)

ಉತ್ತರ: ಅದನ್ನು ಬಿಸಿಲಿಗೆ ಬಿಡುವುದೇ ಸರಿಯಾದ ಬಳಕೆ. ಬೇರಿನ ಗಂಟುಗಳಿಗೆ ಕಾರಣವಾದ ಸೂಕ್ಷ್ಮ ಜಂತುಹುಳುಗಳನ್ನು ತಗ್ಗಿಸಲು ಈ ತಿಂಗಳುಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಹಳೆಯ ಬೇರುಗಳನ್ನೆಲ್ಲ ಆಯ್ದು ತೆಗೆದು, ಮಣ್ಣನ್ನು ಒಂದು ಗೇಣು ಆಳಕ್ಕೆ ಸಡಿಲಿಸಿ, ಮಟ್ಟ ಮಾಡಿ, ಒಮ್ಮೆ ಚೆನ್ನಾಗಿ ನೀರುಣಿಸಿ. ಮಣ್ಣು ಒದ್ದೆಯಾಗಿದ್ದರೆ ಕಾವು ಆಳಕ್ಕೆ ಇಳಿಯುತ್ತದೆ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ತಾಗುವಂತೆ ಹಾಸಿ, ಅಂಚುಗಳನ್ನು ಗಾಳಿಯಾಡದಂತೆ ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಹಾಗೆಯೇ ಬಿಡಿ. ಕಪ್ಪು ಹಾಳೆ ಬೇಡ, ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ, ಒಳಗಿನ ಮಣ್ಣು ಅಷ್ಟು ಕಾಯುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗಿನ ಭರಣಿ ಮಳೆ ಬಿದ್ದ ಮೇಲೆ ಹಾಳೆ ತೆಗೆದು, ಚದರ ಮೀಟರಿಗೆ ಎರಡು ಮೂರು ಹಿಡಿ ಬೇವಿನ ಹಿಂಡಿ ಮತ್ತು ಪೂರ್ತಿ ಕಳಿತ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಅದರೊಂದಿಗೆ ಗೊಣ್ಣೆಹುಳು ಬರುತ್ತದೆ. ಆ ಮಡಿಯಲ್ಲಿ ಮುಂದಿನ ಬೆಳೆ ಬದನೆ, ಟೊಮ್ಯಾಟೊ, ಬೆಂಡೆ ಯಾವುದೂ ಆಗಿರದೆ, ಮಳೆಗಾಲದ ಮೊದಲ ಎರಡು ಮೂರು ತಿಂಗಳು ಚೆಂಡುಹೂವೇ ಆಗಿರಲಿ, ಅದರ ಬೇರು ಈ ಜಂತುಗಳನ್ನು ಇನ್ನಷ್ಟು ತಗ್ಗಿಸುತ್ತದೆ.